ಪ್ರೊಸೆಸರ್ ಬದಲಾಯಿಸಿದ ಮೇಲೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಬರುತ್ತಿಲ್ಲ. ಬುಧವಾರದೊಳಗೆ ಅಮ್ಮನ ಲಗ್ನಪತ್ರಿಕೆ ಕೆಲಸ ಮುಗಿಯಬೇಕು

ಗುತ್ತಲು_ರಸ್ತೆ, ಮಂಡ್ಯ · ಭಾನುವಾರ ಸಂಜೆ 6:12

ನಮಸ್ಕಾರ. ಮಧ್ಯಾಹ್ನ ಊಟ ಆದಾಗಿನಿಂದ ಒದ್ದಾಡುತ್ತಿದ್ದೇನೆ. ಗೊತ್ತಿರುವವರು ದಾರಿ ತೋರಿಸಿ.

ಅಮ್ಮ ಮನೆಯಲ್ಲೇ ಡಿಟಿಪಿ ಮಾಡುತ್ತಾರೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಊರಹಬ್ಬದ ಬ್ಯಾನರ್. ಸಿಸ್ಟಮ್ 2019ರಲ್ಲಿ ಜೋಡಿಸಿದ್ದು. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡು, 8 ಜಿಬಿ ರ‍್ಯಾಮ್ ಒಂದೇ ಕಡ್ಡಿ, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡು, 450 ವಾಟ್ ಎಸ್‌ಎಂಪಿಎಸ್ (ಒಳಗಿನ ಭಾಗಕ್ಕೆಲ್ಲ ಕರೆಂಟ್ ಕೊಡುವ ಡಬ್ಬ). ವಿಂಡೋಸ್ 10 ಇರುವುದು ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿ, ಅಮ್ಮನ ಫೈಲೆಲ್ಲ 1 ಟಿಬಿ ಹಾರ್ಡ್‌ಡಿಸ್ಕಿನಲ್ಲಿ. ದೊಡ್ಡ ಬ್ಯಾನರ್ ತೆರೆದರೆ ಡಿಸೈನ್ ಮಾಡುವ ಕೋರೆಲ್ ಅಲ್ಲೇ ನಿಂತು ಹೋಗುತ್ತಿತ್ತು.

ಅದಕ್ಕೆ ಇವತ್ತು ಹೊಸ ಸಾಮಾನು ಹಾಕಿದೆ. ರೈಜನ್ 5 5600, 3200 ವೇಗದ 8+8 ಜಿಬಿ ರ‍್ಯಾಮ್, 500 ಜಿಬಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ). ಹಳೆಯ ರ‍್ಯಾಮನ್ನೂ ಹಾಗೇ ಬಿಟ್ಟಿದ್ದೇನೆ.

ಈಗ ಸ್ವಿಚ್ ಒತ್ತಿದರೆ ಎಲ್ಲ ಫ್ಯಾನ್ ತಿರುಗುತ್ತವೆ, ದೀಪ ಉರಿಯುತ್ತದೆ. ಮಾನಿಟರ್ ಮಾತ್ರ "ನೋ ಸಿಗ್ನಲ್" ಅಂತ ತೋರಿಸಿ ಆಫ್ ಆಗುತ್ತದೆ. ಕೀಬೋರ್ಡಿನಲ್ಲಿ ನಮ್ ಲಾಕ್ ಒತ್ತಿದರೂ ಅದರ ದೀಪ ಬದಲಾಗುವುದಿಲ್ಲ. ಬೀಪ್ ಶಬ್ದ ಇಲ್ಲ.

ಬುಧವಾರ ಸಂಜೆಯೊಳಗೆ ಮೂರು ಲಗ್ನಪತ್ರಿಕೆ ಪ್ರೆಸ್ಸಿಗೆ ಹೋಗಬೇಕು. ಮೂರರ ಫೈಲೂ ಅದೇ ಡಿಸ್ಕಿನಲ್ಲಿದೆ. ಅಮ್ಮ ಏನೂ ಅನ್ನುತ್ತಿಲ್ಲ. ಆದರೆ ಅರ್ಧ ಗಂಟೆಗೊಮ್ಮೆ ಬಾಗಿಲಿಗೆ ಬಂದು ನೋಡಿ ಹೋಗುತ್ತಿದ್ದಾರೆ. ನನಗೆ ಅದೇ ಸಂಕಟ.

ಪೆಂಟಿಯಂ_4, ಮೈಸೂರು · 6:20

ಎಸ್‌ಎಂಪಿಎಸ್ ಬದಲಾಯಿಸಿ. ಇಷ್ಟು ವರ್ಷದ ಹಳೇ 450 ವಾಟ್‌ಗೆ ಹೊಸ ಪ್ರೊಸೆಸರ್ ಭಾರ ತಡೆಯೋಕೆ ಆಗಲ್ಲ. ಫ್ಯಾನ್ ತಿರುಗಿದ ಮಾತ್ರಕ್ಕೆ ಕರೆಂಟ್ ಸರಿಯಾಗಿ ಹೋಗುತ್ತಿದೆ ಅಂತ ಅಲ್ಲ.

ನಾಲೆ_ಬಯಲು, ಶ್ರೀರಂಗಪಟ್ಟಣ · 6:31

ನನ್ನ ಮಟ್ಟಿಗೆ ಇದು ರ‍್ಯಾಮ್. ನಮ್ಮ ದೊಡ್ಡಪ್ಪನ ಆಲೆಮನೆಯಲ್ಲಿ ಲೆಕ್ಕ ಬರೆಯೋಕೆ ಒಂದು ಕಂಪ್ಯೂಟರ್ ಇತ್ತು. ಒಂದು ದಿನ ಇದೇ ಥರ, ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಇಲ್ಲ. ಬಿಚ್ಚಿ ನೋಡಿದರೆ ರ‍್ಯಾಮ್ ಕೂರುವ ಗಾಡಿಯೊಳಗೆ (ಸ್ಲಾಟ್) ಸಾಲಾಗಿ ಕೆಂಪು ಇರುವೆ. ಬೆಲ್ಲದ ಪಾಕದ ಹಬೆ ಅಂಟಿ ಅಂಟಿ ಒಳಗೆಲ್ಲ ಜಿಡ್ಡು ಹಿಡಿದಿತ್ತು. ಕಡ್ಡಿ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಗಾಡಿಗೆ ಬ್ರಷ್ ಆಡಿಸಿ ಹಾಕಿದ ಮೇಲೆ ಬಂತು.

ನೀವು ಮೂರು ಕಡ್ಡಿ ಹಾಕಿದ್ದೀರಿ. ಎರಡು ತೆಗೆಯಿರಿ. ಒಂದೇ ಬಿಟ್ಟು ನೋಡಿ.

ಒಂಟಿಕೊಪ್ಪಲು, ಮೈಸೂರು · 6:38

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ತೆಗೆದುಕೊಂಡ ಅಂಗಡಿಗೇ ಹೊತ್ತುಕೊಂಡು ಹೋಗಿ. ದುಡ್ಡು ಕೊಟ್ಟಿದ್ದೀರಿ ಅಲ್ವಾ?

ಹಳೇ_ಸೋಲ್ಡರ್, ಸರಸ್ವತಿಪುರಂ · 7:05

ತಮ್ಮಾ, ಮೊದಲು ಗಾಬರಿ ಬಿಡು. ಫ್ಯಾನ್, ದೀಪ ಬರುತ್ತಿದೆ ಅಂದರೆ ಯಾವುದೂ ಸುಟ್ಟಿರುವ ಲಕ್ಷಣ ಅಲ್ಲ. ಅಮ್ಮನಿಗೂ ಹೇಳು, ಹಾರ್ಡ್‌ಡಿಸ್ಕಿನ ಫೈಲಿಗೆ ಏನೂ ಆಗಿರಲ್ಲ. ಸ್ಕ್ರೀನ್ ಬರುವುದಕ್ಕೂ ಆ ಡಿಸ್ಕಿಗೂ ಸಂಬಂಧ ಇಲ್ಲ.

ಪೆಂಟಿಯಂ ಅವರೇ, ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇಲ್ಲ. 2600 ಕೂಡ 65 ವಾಟ್ ಚಿಪ್, 5600 ಕೂಡ 65 ವಾಟ್ ಚಿಪ್. 1050 ಟಿಐ ಕಾರ್ಡು 75 ವಾಟ್. ಭಾರ ಎಲ್ಲಿ ಹೆಚ್ಚಾಯಿತು? ಹೊಸ ಎಸ್‌ಎಂಪಿಎಸ್‌ಗೆ ಈಗಲೇ ಮೂರು ನಾಲ್ಕು ಸಾವಿರ ಹಾಕಿಸಬೇಡಿ.

ನನಗೆ ಬೇರೆ ಅನುಮಾನ ಇದೆ. ಬಿ450 ಬೋರ್ಡ್ ಬಂದಿದ್ದು 2018ರಲ್ಲಿ. ರೈಜನ್ 5000 ಸಾಲಿನ ಚಿಪ್ ಬಂದಿದ್ದು 2020ರ ನವೆಂಬರಿನಲ್ಲಿ. 5600 ಅಂತೂ 2022ರದ್ದು. ಚಿಪ್ ಕೂರುವ ಗಾಡಿ (ಸಾಕೆಟ್) ಒಂದೇ, ಎಎಂ4. ಚಿಪ್ ಒಳಗೆ ಕೂರುತ್ತದೆ. ಆದರೆ ನಿನ್ನ ಬೋರ್ಡಿನ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್) 2019ರಿಂದ ಅಪ್‌ಡೇಟ್ ಆಗಿರದಿದ್ದರೆ ಅದಕ್ಕೆ ಈ ಚಿಪ್ಪಿನ ಪರಿಚಯವೇ ಇಲ್ಲ. ಚಿಪ್ ಯಾವುದು ಅಂತ ಗೊತ್ತಾಗದೆ ಅಲ್ಲಿಗೇ ನಿಲ್ಲುತ್ತದೆ.

ಆ ಬೋರ್ಡಿನಲ್ಲಿ ಅಂಚಿನ ಕಡೆ ನಾಲ್ಕು ಪುಟ್ಟ ದೀಪ ಇದೆಯಾ ನೋಡು. ಪಕ್ಕದಲ್ಲಿ ಸಿಪಿಯು, ಡ್ರ್ಯಾಮ್, ವಿಜಿಎ, ಬೂಟ್ ಅಂತ ಬರೆದಿರುತ್ತದೆ. ಯಾವುದು ಉರಿದು ಹಾಗೇ ನಿಂತಿದೆ ಹೇಳು. ಹಾಗೇ ಸಿಪಿಯು ಹತ್ತಿರದ 8 ಪಿನ್ನಿನ ಪವರ್ ವೈರು ಪೂರ್ತಿ ಕೂತಿದೆಯಾ ನೋಡು. ಹೊಸಬರು ಮರೆಯುವುದು ಅದನ್ನೇ.

ಗುತ್ತಲು_ರಸ್ತೆ · 7:22

ಸರ್, ದೀಪ ಇದೆ. ಗ್ರಾಫಿಕ್ಸ್ ಕಾರ್ಡಿನ ನೆರಳಲ್ಲಿ ಕಂಡಿರಲಿಲ್ಲ. ಸಿಪಿಯು ಅಂತ ಇರುವುದು ಕೆಂಪಗೆ ಉರಿದು ಹಾಗೇ ನಿಂತಿದೆ. 8 ಪಿನ್ ಸರಿಯಾಗಿದೆ, ಕ್ಲಿಪ್ ಕೂತಿದೆ.

ನಾಲೆ ಬಯಲು ಅಣ್ಣ ಹೇಳಿದ ಹಾಗೆ ಒಂದೇ ರ‍್ಯಾಮ್ ಹಾಕಿ ನೋಡಿದೆ. ಎನ್‌ವಿಎಂಇ ಕೂಡ ತೆಗೆದೆ. ಅದೇ ದೀಪ.

ನಾಲೆ_ಬಯಲು · 7:25

ಹಾಗಾದರೆ ರ‍್ಯಾಮ್ ಅಲ್ಲ. ಹಳೇ ಸೋಲ್ಡರ್ ಸರ್ ಹೇಳಿದ್ದೇ ಸರಿ ಅನ್ನಿಸುತ್ತದೆ.

ಪೆಂಟಿಯಂ_4 · 7:34

ವಾಟ್ ಲೆಕ್ಕ ಒಪ್ಪುತ್ತೇನೆ. ಆದರೆ ಹಳೇ ಎಸ್‌ಎಂಪಿಎಸ್‌ನೊಳಗಿನ ಕೆಪಾಸಿಟರ್ ಊದಿಕೊಂಡರೆ ಬರೆದ ವಾಟ್ ಸಿಗಲ್ಲ. ನಮ್ಮ ಮನೆಯದ್ದು ಹಾಗೇ ಆಗಿತ್ತು. ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ ಅಂತ ಹೇಳಿದ್ದು.

ಹಳೇ_ಸೋಲ್ಡರ್ · 7:41

ಅದು ನಿಜ. ಅದಕ್ಕೇ ಊಹೆ ಬೇಡ ಅನ್ನುವುದು. ಹಳೇ 2600 ವಾಪಸ್ ಹಾಕಲಿ. ಬಂದರೆ ಎಸ್‌ಎಂಪಿಎಸ್, ಬೋರ್ಡು, ಕಾರ್ಡು ಎಲ್ಲ ಸರಿ ಇದೆ ಅಂತ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಆಮೇಲೆ ಬಯೋಸ್ ತಾರೀಖು ನೋಡಬಹುದು.

ಒಂಟಿಕೊಪ್ಪಲು · 7:50

ಬಿ450ಗೆ ಹಾಕೋಕೆ ಅಂತ ಹೇಳಿ ತಗೊಂಡಿದ್ದರೆ ಅಂಗಡಿಯವರು ಬಯೋಸ್ ಅಪ್‌ಡೇಟ್ ಮಾಡಿದ್ದೀರಾ ಅಂತ ಒಂದು ಮಾತು ಕೇಳಬೇಕಿತ್ತು. ಅದು ಅವರ ಕರ್ತವ್ಯ. ಇದನ್ನು ನಾನು ಬಿಡಲ್ಲ. ಎಷ್ಟು ಜನ ಈ ಥರ ಪರದಾಡಿ ಒಳ್ಳೇ ಚಿಪ್ಪನ್ನು ಕೆಟ್ಟಿದೆ ಅಂತ ವಾಪಸ್ ಕೊಡುತ್ತಾರೆ.

ಹೊಸಹಳ್ಳಿ_ಸರ್ಕಲ್, ಮಂಡ್ಯ · 7:58

ಆನ್‌ಲೈನಿನಲ್ಲಿ ತರಿಸಿದ್ದರೆ ಯಾರು ಕೇಳುತ್ತಾರೆ ಅಣ್ಣ? ನಾವೇ ನೋಡಿಕೊಳ್ಳಬೇಕು. ಬೋರ್ಡ್ ಕಂಪನಿಯವರ ವೆಬ್‌ಸೈಟಿನಲ್ಲಿ ಆ ಮಾಡೆಲ್ಲಿನ ಪುಟಕ್ಕೆ ಹೋದರೆ ಯಾವ ಪ್ರೊಸೆಸರ್‌ಗೆ ಯಾವ ಬಯೋಸ್ ಬೇಕು ಅಂತ ಪಟ್ಟಿ ಇರುತ್ತದೆ.

ಒಂಟಿಕೊಪ್ಪಲು · 8:02

ಪಟ್ಟಿ ಇದೆ, ಸರಿ. ಆ ಪಟ್ಟಿ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ಡಬ್ಬದ ಮೇಲೆ "ಎಎಂ4" ಅಂತ ಬರೆದಿದೆ, ಬೋರ್ಡಿನ ಮೇಲೂ "ಎಎಂ4" ಅಂತ ಬರೆದಿದೆ. ಜನ ಕೂರುತ್ತದೆ ಅಂತಲೇ ತಿಳಿಯುತ್ತಾರೆ. ತಪ್ಪು ಅವರದ್ದಲ್ಲ.

ಗುತ್ತಲು_ರಸ್ತೆ · 8:30

ಸರ್, ಒಂದು ವಿಷಯ ಮೊದಲೇ ಹೇಳಬೇಕಿತ್ತು. ಬೆಳಿಗ್ಗೆ ಪ್ರೊಸೆಸರ್ ಮೇಲಿನ ಹಳೇ ಹೀಟ್‌ಸಿಂಕ್ ಎತ್ತಿದಾಗ 2600 ಅದಕ್ಕೇ ಅಂಟಿಕೊಂಡು ಗಾಡಿಯಿಂದ ಕಿತ್ತು ಬಂತು. ಲಾಕ್ ಸರಳು ಎತ್ತಿಯೇ ಇರಲಿಲ್ಲ. ಈಗ ನೋಡಿದರೆ ಒಂದು ಮೂಲೆಯಲ್ಲಿ ಎರಡು ಪಿನ್ ಬಗ್ಗಿವೆ. ಇನ್ನೊಂದು ಸ್ವಲ್ಪ ವಾಲಿದೆ. ಹಾಕಲೋ ಬೇಡವೋ?

ಹಳೇ_ಸೋಲ್ಡರ್ · 8:37

ಹಾಕಬೇಡ! ಹಾಗೇ ಒತ್ತಿದರೆ ಪಿನ್ ಮುರಿಯುತ್ತದೆ.

ಇದು ಎಎಂ4ನಲ್ಲಿ ಬಹಳ ಜನಕ್ಕೆ ಆಗುತ್ತದೆ. ಪಿನ್ ಇರುವುದು ಚಿಪ್ಪಿನ ಕೆಳಗೆ, 1331 ಪಿನ್. ವರ್ಷಗಟ್ಟಲೆ ಒಣಗಿದ ಥರ್ಮಲ್ ಪೇಸ್ಟ್ ಗಮ್ಮಿನ ಹಾಗೆ ಹಿಡಿದಿರುತ್ತದೆ. ಮುಂದೆ ಯಾರೇ ಮಾಡಿದರೂ ಸಿಸ್ಟಮ್ ಒಂದು ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ವೈರ್ ಕಿತ್ತು, ಹೀಟ್‌ಸಿಂಕನ್ನು ಆಚೆ ಈಚೆ ತಿರುಚಿ ಬಿಡಿಸಬೇಕು. ನೇರ ಮೇಲೆ ಎಳೆಯಬಾರದು.

ಈಗ ಬಗ್ಗಿದ ಪಿನ್ನಿಗೆ: 0.5 ಎಂಎಂ ಕಡ್ಡಿ ಹಾಕುವ ಮೆಕ್ಯಾನಿಕಲ್ ಪೆನ್ಸಿಲ್ ತಗೋ. ಕಡ್ಡಿ ತೆಗೆದುಬಿಡು. ಅದರ ಮೂತಿಯ ಲೋಹದ ನಳಿಗೆಯನ್ನು ಬಗ್ಗಿದ ಪಿನ್ನಿಗೆ ತೊಡಿಸಿ ಕೂದಲೆಳೆಯಷ್ಟೇ ನೆಟ್ಟಗೆ ಮಾಡು. ಒಂದೇ ಸಲಕ್ಕೆ ಪೂರ್ತಿ ಎತ್ತಬೇಡ. ಸಾಲು ಸರಿಯಾಗಿದೆಯಾ ಅಂತ ಪಕ್ಕದಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡು. ಗಾಡಿಗೆ ಇಡುವಾಗ ಸರಳು ಎತ್ತಿರಬೇಕು, ಚಿಪ್ಪಿನ ಮೂಲೆಯ ಚಿನ್ನದ ತ್ರಿಕೋನ ಗಾಡಿಯ ತ್ರಿಕೋನಕ್ಕೆ ಹೊಂದಬೇಕು. ತನ್ನ ಭಾರಕ್ಕೆ ತಾನೇ ಇಳಿಯಬೇಕು. ಇಳಿಯದಿದ್ದರೆ ತೆಗೆದು ಮತ್ತೆ ನೋಡು.

ರಾತ್ರಿ ಹೊತ್ತು ಮಾಡಬೇಡ. ನಾಳೆ ಬೆಳಕಿನಲ್ಲಿ ಮಾಡು.

ಡಿಟಿಪಿ_ಮಾಮ, ಅಗ್ರಹಾರ · 8:55

ನಾನು ಕಂಪ್ಯೂಟರ್ ರಿಪೇರಿಯವನಲ್ಲ, ಪ್ರೆಸ್ಸಿನವನು. ಒಂದು ಮಾತು. ನಾಳೆ ಸಂಜೆಗೂ ಸರಿ ಹೋಗಲಿಲ್ಲ ಅಂದರೆ ಆ 1 ಟಿಬಿ ಡಿಸ್ಕ್ ಬಿಚ್ಚಿ. ಡಿಸ್ಕಿನ ಸಾಟಾ ಜೋಡಣೆಯನ್ನು ಯುಎಸ್‌ಬಿಗೆ ಮಾಡುವ ಡಬ್ಬ ಸಿಗುತ್ತದೆ, 3.5 ಇಂಚಿನ ಡಿಸ್ಕಿಗೆ ಪ್ರತ್ಯೇಕ ಅಡಾಪ್ಟರ್ ಇರುವುದನ್ನು ಕೇಳಿ ತಗೊಳ್ಳಿ. ಯಾವುದಾದರೂ ಲ್ಯಾಪ್‌ಟಾಪಿಗೆ ಹಾಕಿದರೆ ಫೈಲ್ ಸಿಗುತ್ತದೆ. ಫೈಲಿನ ಜೊತೆ ಫಾಂಟ್ ಕೂಡ ತಗೊಳ್ಳಿ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಮಾಡಿದ್ದರೆ ಬೇರೆ ಮಿಷಿನ್ನಿನಲ್ಲಿ ಅದು ಇಲ್ಲದೆ ತೆರೆದರೆ "ಶ್ರೀ" ಇರುವ ಕಡೆ ಇಂಗ್ಲಿಷ್ ಅಕ್ಷರ ಕಾಣುತ್ತದೆ.

ಬೇಕಾದರೆ ಮೈಸೂರಿಗೆ ತನ್ನಿ, ನನ್ನ ಮಿಷಿನ್ನಿನಲ್ಲಿ ಮುಗಿಸಿಕೊಂಡು ಹೋಗಲಿ ಅಮ್ಮ. ದುಡ್ಡಿನ ಮಾತು ಬೇಡ. ಮದುವೆ ಮನೆಯವರ ಕೆಲಸ ನಿಲ್ಲಬಾರದು.

ವಿಜಯನಗರ_ಅಕ್ಕ, ಮೈಸೂರು · 9:10

ಮಾಮ, ಇನ್ನೂ ಹಳೇ ನುಡಿ ಫಾಂಟಾ? ಎಲ್ಲ ಮಿಷಿನ್ನಿಗೂ ಒಂದೇ ಅಕ್ಷರ ಸಂಕೇತ ಇರುವ ಯೂನಿಕೋಡಿಗೆ ಬಂದುಬಿಟ್ಟರೆ ಈ ಫಾಂಟ್ ಹೊತ್ತುಕೊಂಡು ಓಡಾಡುವ ಕಷ್ಟವೇ ಇಲ್ಲ.

ಡಿಟಿಪಿ_ಮಾಮ · 9:18

ಅಕ್ಕಾ, ನಿಮ್ಮ ಮಾತು ಸರಿ. ಆದರೆ ನನ್ನ ಹತ್ತಿರ ವರ್ಷಗಳಿಂದ ಮಾಡಿಟ್ಟ ಪೇಜ್‌ಮೇಕರ್ (ಪುಟ ಜೋಡಿಸುವ ಹಳೇ ಪ್ರೋಗ್ರಾಮ್) ಫೈಲ್ ರಾಶಿ ಇದೆ. ಅಕ್ಕನ ಮದುವೆಗೆ ಮಾಡಿಸಿದವರು ತಂಗಿಯ ಮದುವೆಗೆ "ಅದೇ ಥರ ಇರಲಿ" ಅಂತ ಬರುತ್ತಾರೆ. ಪೇಜ್‌ಮೇಕರಿನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುವುದಿಲ್ಲ, ಒತ್ತಕ್ಷರ ಚೆದುರಿ ಹೋಗುತ್ತದೆ. ಹೊಸ ಕೆಲಸಕ್ಕೆ ಯೂನಿಕೋಡ್ ಬಳಸುತ್ತೇನೆ. ಹಳೆಯದನ್ನು ಬಿಸಾಡಲು ಆಗುವುದಿಲ್ಲ.

ವಿಜಯನಗರ_ಅಕ್ಕ · 9:24

ಅದು ನನಗೆ ಹೊಳೆದಿರಲಿಲ್ಲ ಮಾಮ. ಒಪ್ಪಿದೆ. ಆದರೆ ಹೊಸ ಹುಡುಗರಿಗೆ ಕಲಿಸುವಾಗ ಯೂನಿಕೋಡಿನಲ್ಲೇ ಕಲಿಸಿ, ದಯವಿಟ್ಟು. ಕೀ ಜೋಡಣೆ ಹೇಗೂ ಅದೇ, ಕನ್ನಡ ಕೀಬೋರ್ಡ್ ರೂಪಿಸಿದ ಕೆ.ಪಿ. ರಾವ್ ಅವರದ್ದು. ಕೈ ಬದಲಾಯಿಸಬೇಕಿಲ್ಲ.

ಗುತ್ತಲು_ರಸ್ತೆ · ಸೋಮವಾರ ಬೆಳಿಗ್ಗೆ 10:45

ಬಂತು! ಹಳೇ ಪ್ರೊಸೆಸರ್ ಹಾಕಿದ ಮೇಲೆ ಸ್ಕ್ರೀನ್ ಬಂತು!

ಪಿನ್ ಸರಿ ಮಾಡಿದ್ದು ಅಮ್ಮ. ನನ್ನ ಕೈ ನಡುಗುತ್ತಿತ್ತು. ಅವರು ಪ್ರೂಫ್ ನೋಡುವ ಭೂತಗನ್ನಡಿ ತಂದು, ಕಿಟಕಿ ಪಕ್ಕ ಕೂತು, ಬಿಳೀ ಹಾಳೆ ಮೇಲೆ ಚಿಪ್ ಮಗುಚಿ ಇಟ್ಟುಕೊಂಡರು. ಪೆನ್ಸಿಲ್ ಮೂತಿ ತೊಡಿಸಿ ಒಂದು ಚೂರು ಎತ್ತುವುದು, ಭೂತಗನ್ನಡಿಯಲ್ಲಿ ನೋಡುವುದು, ಮತ್ತೆ ಒಂದು ಚೂರು. ಇಪ್ಪತ್ತು ನಿಮಿಷ ಉಸಿರು ಬಿಗಿ ಹಿಡಿದಂತೆ ಕೂತಿದ್ದರು. ಕೊನೆಗೆ ಕಟ್ಟರ್ ಬ್ಲೇಡಿನ ಬೆನ್ನನ್ನು ಎರಡು ಸಾಲಿನ ನಡುವೆ ಜಾರಿಸಿ "ಎಲ್ಲೂ ತಡೆಯುತ್ತಿಲ್ಲ, ಸಾಲು ನೆಟ್ಟಗಿದೆ" ಅಂದರು. ಗಾಡಿ ಮೇಲೆ ಇಟ್ಟಾಗ ತಾನೇ ಇಳಿಯಿತು.

ಬಯೋಸಿನಲ್ಲಿ ತಾರೀಖು 2018 ಅಂತ ಇದೆ ಸರ್. ನೀವು ಹೇಳಿದ್ದೇ.

ನಾಲೆ_ಬಯಲು · 10:52

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಅಂಥ ಕೈ ಎಲ್ಲರಿಗೂ ಇರಲ್ಲ.

ಹಳೇ_ಸೋಲ್ಡರ್ · 11:15

ಶಭಾಷ್. ಅಮ್ಮನಿಗೆ ನನ್ನದೂ.

ಈಗ ಮೊದಲು ಆ ಮೂರು ಲಗ್ನಪತ್ರಿಕೆ ಫೈಲನ್ನು ಪೆನ್‌ಡ್ರೈವಿಗೆ ಹಾಕು. ಆಮೇಲೆ ಮುಂದಿನ ಕೆಲಸ.

ಬೋರ್ಡಿನ ಮೇಲೆ ಅಚ್ಚಾಗಿರುವ ಮಾಡೆಲ್ ಹೆಸರು ಪೂರ್ತಿ ಬರೆದುಕೋ. ಕೊನೆಯ ಒಂದು ಅಕ್ಷರ, "ಮ್ಯಾಕ್ಸ್", "ವಿ2", ಪರಿಷ್ಕರಣೆ ಸಂಖ್ಯೆ ಕೂಡ ಮುಖ್ಯ. ಬೇರೆ ಮಾಡೆಲ್ಲಿನ ಬಯೋಸ್ ಹಾಕಿದರೆ ಬೋರ್ಡ್ ಹೋಗುತ್ತದೆ. ಆ ಮಾಡೆಲ್ಲಿನ ಪುಟದಲ್ಲಿ 5600 ಯಾವ ಬಯೋಸಿನಿಂದ ಶುರು ಅಂತ ನೋಡಿ, ಅದಕ್ಕಿಂತ ಹೊಸದನ್ನು ಇಳಿಸಿಕೋ. ಟಿಪ್ಪಣಿ ಓದು. ಕೆಲವು ಬೋರ್ಡಿಗೆ ನಡುವೆ ಒಂದು ಹಳೇ ಆವೃತ್ತಿ ಹಾಕಿಯೇ ಮುಂದೆ ಹೋಗಬೇಕು ಅಂತ ಬರೆದಿರುತ್ತಾರೆ.

32 ಜಿಬಿ ಅಥವಾ ಚಿಕ್ಕ ಪೆನ್‌ಡ್ರೈವ್, ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡು. ಫೈಲನ್ನು ಜಿಪ್ಪಿನಿಂದ ಹೊರಗೆ ತೆಗೆದು ಹಾಕು. ಬಯೋಸ್ ಒಳಗೇ ಅಪ್‌ಡೇಟ್ ಮಾಡುವ ಜಾಗ ಇರುತ್ತದೆ, ಅಲ್ಲಿಂದ ಮಾಡು. ವಿಂಡೋಸ್ ಒಳಗಿಂದ ಬೇಡ.

ಮುಖ್ಯವಾದ್ದು: ಯುಪಿಎಸ್ ಇಲ್ಲದೆ ಮುಟ್ಟಬೇಡ. ಬಯೋಸ್ ಬರೆಯುವಾಗ ಕರೆಂಟ್ ಹೋದರೆ ಬೋರ್ಡ್ ಏಳಲ್ಲ.

ಪೆಂಟಿಯಂ_4 · 11:21

ಯುಪಿಎಸ್ ಬ್ಯಾಟರಿ ಹಳೆಯದಾದರೆ ಅದನ್ನೂ ನಂಬಬೇಡಿ. ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ ಹತ್ತು ನಿಮಿಷ ನಿಲ್ಲುತ್ತದಾ ನೋಡಿ.

ಹಳೇ_ಸೋಲ್ಡರ್ · 11:23

ಬಹಳ ಒಳ್ಳೆಯ ಮಾತು. ನಾನು ಹೇಳೋದು ಮರೆತಿದ್ದೆ.

ಹೊಸಹಳ್ಳಿ_ಸರ್ಕಲ್ · 11:40

ಹೊಸ ಬಯೋಸ್ ಹಾಕಿದ ಮೇಲೆ ಹಳೇ 2600 ಕೆಲಸ ಮಾಡುತ್ತದಾ? ಕೆಲವು ಚಿಪ್ಪಿಗೆ ಬೆಂಬಲ ತೆಗೆಯುತ್ತಾರೆ ಅಂತ ಕೇಳಿದ್ದೆ.

ಹಳೇ_ಸೋಲ್ಡರ್ · 11:48

2600ಗೆ ತೊಂದರೆ ಇಲ್ಲ. ತೆಗೆದಿದ್ದು ಹೆಚ್ಚಾಗಿ ಹಳೇ ಎ ಸರಣಿಯ ಚಿಪ್ಪುಗಳಿಗೆ. ಆ ಕಾಲದ ಎಷ್ಟೋ ಬೋರ್ಡುಗಳ ಬಯೋಸ್ ಚಿಪ್ಪಿನಲ್ಲಿ 16 ಎಂಬಿ ಮಾತ್ರ ಜಾಗ. ಎಲ್ಲ ತಲೆಮಾರಿನ ಚಿಪ್ಪನ್ನೂ ತುಂಬೋಕೆ ಆಗಲಿಲ್ಲ.

ಸಿಎನ್‌ಸಿ_ಹುಡುಗ, ಹೆಬ್ಬಾಳ · 12:30

ಈ ಚರ್ಚೆಗೆ ಸೇರದ ಪ್ರಶ್ನೆ. ನಮ್ಮ ಮನೆಯ ಕ್ಯಾಬಿನೆಟ್ ಬರಿಗಾಲಲ್ಲಿ ಮುಟ್ಟಿದರೆ ಕೈಗೆ ಜುಮ್ ಅನ್ನುತ್ತದೆ. ಇದು ಮಾಮೂಲಾ?

ಹಳೇ_ಸೋಲ್ಡರ್ · 12:44

ಮಾಮೂಲು ಅಂತ ಬಿಡಬೇಡಪ್ಪ. ಅರ್ಥಿಂಗ್ ಇಲ್ಲ ಅಂತ ಅರ್ಥ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರಿನಿಂದ ಸಣ್ಣ ಸೋರಿಕೆ ಕ್ಯಾಬಿನೆಟ್ಟಿಗೆ ಬರುತ್ತದೆ. ಅದು ಅರ್ಥ್ ವೈರಿನಲ್ಲಿ ನೆಲಕ್ಕೆ ಹೋಗಬೇಕು. ದಾರಿ ಇಲ್ಲದಿದ್ದರೆ ನಿನ್ನ ಮೈಯಲ್ಲಿ ಹೋಗುತ್ತದೆ. ಪ್ಲಗ್ಗಿನ ಮೂರನೇ ಪಿನ್ ಸಾಕೆಟ್ಟಿನ ಹಿಂದೆ ವೈರಿಗೆ ಸೇರಿದೆಯಾ, ಮನೆಗೆ ಅರ್ಥ್ ಗುಂಡಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆದು ತೋರಿಸು. ಮನೆಯಲ್ಲಿ ಮಕ್ಕಳಿದ್ದರೆ ಇವತ್ತೇ.

ಸಿಎನ್‌ಸಿ_ಹುಡುಗ · 12:47

ತಂಗಿಗೆ ಮೂರು ವರ್ಷ. ಸಂಜೆಯೇ ಕರೆಸುತ್ತೇನೆ ಸರ್.

ಗುತ್ತಲು_ರಸ್ತೆ · ಸೋಮವಾರ ರಾತ್ರಿ 9:20

ಬಯೋಸ್ ಅಪ್‌ಡೇಟ್ ಆಯಿತು. ಯುಪಿಎಸ್ ಪರೀಕ್ಷೆ ಮಾಡಿಯೇ ಹಾಕಿದೆ, ಹದಿಮೂರು ನಿಮಿಷ ನಿಂತಿತು. ಬರೆಯುವಾಗ ಶೇಕಡಾ 60ರ ಹತ್ತಿರ ಬಂದು ಒಂದು ನಿಮಿಷ ಅಲ್ಲಾಡಲಿಲ್ಲ. ನಾವಿಬ್ಬರೂ ಮಾತಾಡದೆ ನೋಡುತ್ತಾ ನಿಂತಿದ್ದೆವು. ಆಮೇಲೆ ತಾನೇ ಮುಂದೆ ಹೋಯಿತು.

2600 ಬಿಸಿ ಮಾಡಿ, ತಿರುಚಿ, ಮೆಲ್ಲಗೆ ತೆಗೆದೆ. ಈ ಸಲ ಏನೂ ಕಿತ್ತು ಬರಲಿಲ್ಲ. 5600 ಹಾಕಿದೆ. ಸಿಪಿಯು ದೀಪ ಆರಿತು, ಸ್ಕ್ರೀನ್ ಬಂತು!

ಆದರೆ ಕಪ್ಪು ಸ್ಕ್ರೀನಿನಲ್ಲಿ ಹೊಸ ಸಿಪಿಯು ಹಾಕಿದ್ದೀರಿ, ಎಫ್‌ಟಿಪಿಎಂ ರೀಸೆಟ್ ಮಾಡಲು ವೈ ಒತ್ತಿ, ಬೇಡವಾದರೆ ಎನ್ ಒತ್ತಿ ಅಂತ ಕೇಳುತ್ತಿದೆ. ಒತ್ತದೆ ಹಾಗೇ ಬಿಟ್ಟಿದ್ದೇನೆ. ಯಾವುದು ಒತ್ತಲಿ?

ವಿಜಯನಗರ_ಅಕ್ಕ · 9:26

ಕೇಳಿದ್ದು ಒಳ್ಳೆಯದಾಯಿತು ತಮ್ಮ. ಇದರಲ್ಲಿ ನಾನು ಏಟು ತಿಂದಿದ್ದೇನೆ.

ಹೋದ ವರ್ಷ ನಮ್ಮ ಯಜಮಾನರ ಸಿಸ್ಟಮ್ಮಿಗೆ ಪ್ರೊಸೆಸರ್ ಬದಲಾಯಿಸಿದಾಗ ಇದೇ ಪ್ರಶ್ನೆ ಬಂತು. ಓದದೆ ವೈ ಒತ್ತಿದೆ. ಡ್ರೈವ್ ಬಿಟ್‌ಲಾಕರಿನಲ್ಲಿ ಬೀಗ ಹಾಕಿತ್ತು. ಆ ಬೀಗದ ಕೈ ಇದ್ದದ್ದು ಎಫ್‌ಟಿಪಿಎಂ ಒಳಗೆ, ಇಂಥ ಗುಟ್ಟಿನ ಕೈಗಳನ್ನು ಕಾಯ್ದಿಡುವ ಭದ್ರತಾ ವ್ಯವಸ್ಥೆ ಅದು. ಅದನ್ನೇ ಅಳಿಸಿದ ಹಾಗಾಯಿತು. ಆಮೇಲೆ ನೀಲಿ ಸ್ಕ್ರೀನಿನಲ್ಲಿ 48 ಅಂಕಿಯ ರಿಕವರಿ ಕೀ ಕೇಳಿತು. ಪುಣ್ಯಕ್ಕೆ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿತ್ತು. ಖಾತೆಯ ಪಾಸ್‌ವರ್ಡ್ ನೆನಪಿಸಿಕೊಳ್ಳೋಕೆ ಅರ್ಧ ದಿನ ಹೋಯಿತು. ಮಗಳ ಎಳೇ ವಯಸ್ಸಿನ ಫೋಟೋ ಎಲ್ಲ ಅದರಲ್ಲೇ ಇತ್ತು. ಆ ಅರ್ಧ ದಿನ ನನಗೆ ಇನ್ನೂ ನೆನಪಿದೆ.

ನಿಮ್ಮದರಲ್ಲಿ ಬಿಟ್‌ಲಾಕರ್ ಹಾಕಿದ್ದೀರಾ? ವಿಂಡೋಸಿಗೆ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗುತ್ತೀರಾ?

ಗುತ್ತಲು_ರಸ್ತೆ · 9:31

ಇಲ್ಲ ಅಕ್ಕ. ಅಮ್ಮನ ಹೆಸರಿನಲ್ಲಿ ಮಾಮೂಲಿ ಲೋಕಲ್ ಖಾತೆ. ಬಿಟ್‌ಲಾಕರ್ ಯಾವತ್ತೂ ಹಾಕಿಲ್ಲ. ಬೆಳಿಗ್ಗೆ ಹಳೇ ಪ್ರೊಸೆಸರಿನಲ್ಲಿ ತೆರೆದಾಗ ಡ್ರೈವ್ ಚಿತ್ರದ ಮೇಲೆ ಬೀಗದ ಗುರುತೂ ಇರಲಿಲ್ಲ.

ವಿಜಯನಗರ_ಅಕ್ಕ · 9:33

ಹಾಗಾದರೆ ಧೈರ್ಯವಾಗಿ ವೈ ಒತ್ತಿ. ಓದುತ್ತಿರುವ ಬೇರೆಯವರಿಗೆ: ಪ್ರೊಸೆಸರ್ ಬಿಚ್ಚುವ ಮೊದಲೇ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಆ 48 ಅಂಕಿಯನ್ನು ಕಾಗದದ ಮೇಲೆ ಬರೆದಿಡಿ.

ಗುತ್ತಲು_ರಸ್ತೆ · 9:47

ಒತ್ತಿದೆ. ಈಗ ಇನ್ನೊಂದು. ವಿಂಡೋಸ್ ಬರುತ್ತಿಲ್ಲ, ಸೀದಾ ಬಯೋಸಿಗೇ ಹೋಗುತ್ತದೆ. ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕ್ ಎರಡೂ ಸ್ಟೋರೇಜ್ ಪಟ್ಟಿಯಲ್ಲಿ ಕಾಣುತ್ತವೆ. ಬೂಟ್ ಪಟ್ಟಿ ಖಾಲಿ. ವಿಂಡೋಸ್ ಹೊಸದಾಗಿ ಹಾಕಬೇಕಾ?

ಪೆಂಟಿಯಂ_4 · 9:52

ಹೌದು, ಪ್ರೊಸೆಸರ್ ಬದಲಾದ ಮೇಲೆ ಹೊಸದಾಗಿ ಹಾಕಿಬಿಡುವುದೇ ಕ್ಲೀನು.

ಹಳೇ_ಸೋಲ್ಡರ್ · 9:58

ಬೇಡ ಬೇಡ! ಡಿಸ್ಕ್ ಕಾಣುತ್ತಿದೆ, ಬೂಟ್ ಪಟ್ಟಿ ಖಾಲಿ. ಅಂದರೆ ವಿಂಡೋಸ್ ಅಲ್ಲೇ ಇದೆ, ಬಯೋಸ್ ಅದನ್ನು ಓದುವ ರೀತಿ ಬದಲಾಗಿದೆ ಅಷ್ಟೇ.

2019ರಲ್ಲಿ ವಿಂಡೋಸ್ ಹಾಕಿದವರು ಹಳೇ ಲೆಗಸಿ ರೀತಿಯಲ್ಲಿ ಹಾಕಿದ್ದಾರೆ. ಡಿಸ್ಕ್ ಭಾಗ ಮಾಡಿರುವುದೂ ಎಂಬಿಆರ್ ಅನ್ನುವ ಹಳೇ ರೀತಿಯಲ್ಲಿ. ಬಯೋಸ್ ಅಪ್‌ಡೇಟ್ ಆದಾಗ ಎಲ್ಲ ಸೆಟ್ಟಿಂಗ್ ಮೊದಲಿನಂತಾಗುತ್ತದೆ, ಹೊಸ ಬಯೋಸ್ ಯುಇಎಫ್‌ಐ ಅನ್ನುವ ಹೊಸ ರೀತಿಯನ್ನು ಮಾತ್ರ ನೋಡುತ್ತದೆ. ಬೂಟ್ ವಿಭಾಗಕ್ಕೆ ಹೋಗು. ಸಿಎಸ್‌ಎಂ ಅಂತ ಒಂದು ಸಾಲು ಇದೆ, ಹಳೇ ರೀತಿಯ ಡಿಸ್ಕನ್ನೂ ಓದಿಸುವುದು ಅದು. ಅದನ್ನು ಎನೇಬಲ್ ಮಾಡು. ಎಫ್10 ಒತ್ತಿ ಉಳಿಸು.

ಪೆಂಟಿಯಂ ಅವರೇ, ಹೊಸದಾಗಿ ಹಾಕಿದರೆ ಆ ತಾಯಿ ಫಾಂಟ್, ಪ್ರಿಂಟರ್, ಕೋರೆಲ್ ಎಲ್ಲ ಮತ್ತೆ ಹೊಂದಿಸಬೇಕು. ಬುಧವಾರಕ್ಕೆ ಕೆಲಸ ಇದೆ. ಅವಸರದಲ್ಲಿ ಹೊಸದು ಹಾಕಿ ಅನ್ನುವುದು ಸರಿ ಅಲ್ಲ.

ಗುತ್ತಲು_ರಸ್ತೆ · 10:06

ವಿಂಡೋಸ್ ಬಂತು. ಅಮ್ಮನ ಡೆಸ್ಕ್‌ಟಾಪ್ ಹೇಗಿತ್ತೋ ಹಾಗೇ ಇದೆ.

ಪೆಂಟಿಯಂ_4 · 10:11

ಅವಸರ ಪಟ್ಟೆ, ಸರ್ ಹೇಳಿದ್ದು ಸರಿ. ಸಿಎಸ್‌ಎಂ ವಿಷಯ ಇವತ್ತು ಕಲಿತೆ.

ವಿಜಯನಗರ_ಅಕ್ಕ · 10:15

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಒಂದಲ್ಲ ಒಂದು ದಿನ 11ಕ್ಕೆ ಹೋಗಬೇಕು, ಅದಕ್ಕೆ ಯುಇಎಫ್‌ಐ, ಟಿಪಿಎಂ 2.0 ಬೇಕು. ಡಿಸ್ಕನ್ನು ಎಂಬಿಆರಿನಿಂದ ಯುಇಎಫ್‌ಐಗೆ ಬೇಕಾದ ಜಿಪಿಟಿ ರೀತಿಗೆ ಬದಲಾಯಿಸಲು ವಿಂಡೋಸಿನಲ್ಲೇ ಎಂಬಿಆರ್2ಜಿಪಿಟಿ ಅನ್ನುವ ಸಾಧನ ಇದೆ. ಫೈಲ್ ಅಳಿಯುವುದಿಲ್ಲ, ಆದರೂ ಬ್ಯಾಕಪ್ ಇಲ್ಲದೆ ಮಾಡಬೇಡಿ. ಈ ವಾರ ಅಂತೂ ಬೇಡ. ಪತ್ರಿಕೆ ಪ್ರೆಸ್ಸಿಗೆ ಹೋಗಲಿ.

ಹಳೇ_ಸೋಲ್ಡರ್ · 10:20

ಹೌದು. ಇವತ್ತು ಇಲ್ಲಿಗೆ ನಿಲ್ಲಿಸು. ಹೊಸ ರ‍್ಯಾಮ್ ನಾಳೆ ಹಾಕು. ಸಿಪಿಯುವಿನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಗಾಡಿ. ಹಳೇ ಕಡ್ಡಿ ಬೇಡ. ಮೂರು ಕಡ್ಡಿ, ಬೇರೆ ಬೇರೆ ವೇಗ ಬೆರೆಸಿದರೆ ಎಲ್ಲವೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ಒಂದು ಗಂಟೆ ಕೆಲಸ ಮಾಡಿ ನೋಡಿ, ಸರಿ ಇದ್ದರೆ ಆಮೇಲೆ ಎನ್‌ವಿಎಂಇ.

ಗುತ್ತಲು_ರಸ್ತೆ · ಮಂಗಳವಾರ ಸಂಜೆ 5:40

ರ‍್ಯಾಮ್ ಹಾಕಿದೆ, 16 ಜಿಬಿ ತೋರಿಸುತ್ತಿದೆ. ಬಯೋಸಿನಲ್ಲಿ ಪೂರ್ತಿ ವೇಗ ಕೊಡುವ ಎಕ್ಸ್‌ಎಂಪಿ ಆನ್ ಮಾಡಿದ ಮೇಲೆ 3200 ಬಂತು. ಅಮ್ಮ ಬೆಳಿಗ್ಗೆಯಿಂದ ಕೆಲಸ ಮಾಡಿದ್ದಾರೆ. ಎರಡು ಪತ್ರಿಕೆ ಮುಗಿದಿದೆ.

ಈಗ ಎನ್‌ವಿಎಂಇ ಹಾಕಿ ಆನ್ ಮಾಡಿದರೆ ವಿಂಡೋಸ್ ಬರುತ್ತದೆ, ಆದರೆ ಡಿ ಡ್ರೈವ್ ಇಲ್ಲ. 1 ಟಿಬಿ ಡಿಸ್ಕ್ ಬಯೋಸಿನಲ್ಲೂ ಕಾಣುತ್ತಿಲ್ಲ. ಈಗ ಹಾಕಿದ್ದು ಇದೊಂದೇ, ಹಾಗಾಗಿ ಇದರದ್ದೇ ಕೆಲಸ ಅಂತ ಗೊತ್ತು. ಡಿಸ್ಕ್ ಹಾಳಾಯಿತಾ?

ನಾಲೆ_ಬಯಲು · 5:49

ಇದಕ್ಕೆ ನಾನು ಉತ್ತರ ಹೇಳಬಲ್ಲೆ! ನನಗೂ ಆಗಿತ್ತು. ಡಿಸ್ಕ್ ಚೆನ್ನಾಗಿದೆ. ಕೆಲವು ಬೋರ್ಡುಗಳಲ್ಲಿ ಎನ್‌ವಿಎಂಇ ಕೂರುವ ಎಂ.2 ಗಾಡಿ ಮತ್ತು ಒಂದೆರಡು ಸಾಟಾ ಪೋರ್ಟಿಗೆ ದಾರಿ ಒಂದೇ. ಎಂ.2ನಲ್ಲಿ ಏನಾದರೂ ಕೂತರೆ ಆ ಪೋರ್ಟು ಬಂದ್ ಆಗುತ್ತದೆ. ಮ್ಯಾನುಯಲ್ಲಿನಲ್ಲಿ ಸಾಟಾ ಪುಟ ನೋಡಿ. ಆಫ್ ಮಾಡಿ, ಡಿಸ್ಕಿನ ವೈರನ್ನು ಬೇರೆ ಪೋರ್ಟಿಗೆ ಹಾಕಿ.

ಗುತ್ತಲು_ರಸ್ತೆ · 6:03

ವೈರು 5ನೇ ಪೋರ್ಟಿನಲ್ಲಿತ್ತು. ಮ್ಯಾನುಯಲ್ಲಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ, 5 ಮತ್ತು 6 ಕೆಲಸ ಮಾಡುವುದಿಲ್ಲ ಅಂತ. 2ಕ್ಕೆ ಹಾಕಿದೆ. ಡಿ ಡ್ರೈವ್ ಬಂತು!

ಅಣ್ಣ, ಭಾನುವಾರ ಎಲ್ಲ ಒಟ್ಟಿಗೆ ಹಾಕಿದ್ದಾಗ ಹೇಗೋ ಸ್ಕ್ರೀನ್ ಬಂದಿದ್ದರೂ ಡಿಸ್ಕ್ ಕಾಣದೆ ನಾನು ಅಳುತ್ತಿದ್ದೆ. ಇವತ್ತು ಹದಿನಾಲ್ಕು ನಿಮಿಷಕ್ಕೆ ಸಿಕ್ಕಿತು.

ಡಿಟಿಪಿ_ಮಾಮ · 6:30

ಬಹಳ ಸಂತೋಷ ಆಯಿತು. ಇನ್ನು ಆ ಡಿಸ್ಕಿಗೆ ಇನ್ನೊಂದು ಪ್ರತಿ ಮಾಡಿಸಿ. ಒಂದೇ ಡಿಸ್ಕಿನಲ್ಲಿ ಅಷ್ಟು ವರ್ಷದ ಕೆಲಸ ಇರಬಾರದು. ನನ್ನ ಒಂದು ಡಿಸ್ಕ್ ಹೋದಾಗ ನೂರಾರು ಮನೆಯ ಪತ್ರಿಕೆ ಹೋಯಿತು.

ಒಂಟಿಕೊಪ್ಪಲು · 6:44

ಅಂಗಡಿಗೆ ಹೋಗಿ ಅಂದಿದ್ದೆ. ಹೋಗಿದ್ದರೆ ಬೋರ್ಡ್ ಬದಲಾಯಿಸಿ ಅನ್ನುತ್ತಿದ್ದರೋ ಏನೋ. ಇಲ್ಲೇ ಕೇಳಿದ್ದು ಒಳ್ಳೆಯದಾಯಿತು. ಆದರೂ ಮಾರುವವರು ಮೊದಲೇ ಹೇಳಬೇಕು ಅನ್ನುವ ಮಾತಿನಿಂದ ನಾನು ಹಿಂದೆ ಸರಿಯಲ್ಲ.

ಗುತ್ತಲು_ರಸ್ತೆ · ಬುಧವಾರ ಸಂಜೆ 4:15

ಮೂರೂ ಪತ್ರಿಕೆ ಪ್ರೆಸ್ಸಿಗೆ ಹೋಯಿತು. ಮೂರನೆಯದರಲ್ಲಿ ವರನ ತಾತನ ಹೆಸರು ತಪ್ಪಾಗಿತ್ತು, ಅದನ್ನು ತಿದ್ದಲೂ ಸಮಯ ಸಿಕ್ಕಿತು. ಅಮ್ಮ ಎಲ್ಲರಿಗೂ ನಮಸ್ಕಾರ ಹೇಳಲು ಹೇಳಿದ್ದಾರೆ. ಹಳೇ ಸೋಲ್ಡರ್ ಸರ್, ಮಂಡ್ಯ ಕಡೆ ಬಂದರೆ ಮನೆಗೆ ಊಟಕ್ಕೆ ಬರಲೇಬೇಕಂತೆ.

ಹಳೇ 2600, ಅದರ ಹೀಟ್‌ಸಿಂಕ್, 8 ಜಿಬಿ ರ‍್ಯಾಮ್ ಉಳಿದಿದೆ. ಓದುವ ಮಕ್ಕಳಿಗೆ ಬೇಕಿದ್ದರೆ ಹೇಳಿ, ಸುಮ್ಮನೆ ಕೊಡುತ್ತೇನೆ.

ಹೊಸಹಳ್ಳಿ_ಸರ್ಕಲ್ · 4:32

ನಮ್ಮ ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ಅವನ ಹತ್ತಿರ ರೈಜನ್ 3 1200, ಎ320 ಬೋರ್ಡು, 4 ಜಿಬಿ ರ‍್ಯಾಮ್ ಇದೆ. ಗ್ರಾಫಿಕ್ಸ್ ಕಾರ್ಡು ಇದೆ. ಅವನಿಗೆ ಕೊಡುತ್ತೀರಾ? ಆ ಬೋರ್ಡಿಗೆ ಕೂರುತ್ತದಾ?

ಗುತ್ತಲು_ರಸ್ತೆ · 4:40

ಖಂಡಿತ ಕೊಡುತ್ತೇನೆ ಅಣ್ಣ. ಆದರೆ ಎ320 ಬೋರ್ಡು 2600ಗಿಂತ ಮೊದಲು ಬಂದದ್ದು. 1200 ಬಿಚ್ಚುವ ಮೊದಲೇ ಬಯೋಸ್ ತಾರೀಖು ನೋಡಿ ಬರೆದುಕೊಳ್ಳಿ. ಮಾಡೆಲ್ ಹೆಸರು ಪೂರ್ತಿ ಬೇಕು. ನಾಳೆ ಬೆಳಿಗ್ಗೆ ಹತ್ತಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ಸಿಗುತ್ತೇನೆ. ಪಿನ್ ಬಗ್ಗದ ಹಾಗೆ ಅಮ್ಮ ಅದನ್ನು ಹಳೇ ಪ್ಲಾಸ್ಟಿಕ್ ಗೂಡಿನಲ್ಲಿ ಇಟ್ಟು, ಕಾರ್ಡು ತುಂಬುವ ರಟ್ಟಿನ ಡಬ್ಬಿಗೆ ಹಾಕಿದ್ದಾರೆ. ಪೆನ್ಸಿಲನ್ನೂ ಅದರಲ್ಲೇ ಇಟ್ಟಿದ್ದಾರೆ.